ಮೇಲಿನ ಕೈ ನೆಟ್ಟಗಿರಲಿ

ಒದ್ದೆ ಸೀರೆ ಕೋಲಿನ ತುದಿಯಲ್ಲಿತ್ತು, ನನ್ನ ಎರಡೂ ಕೈ ತಲೆಯ ಮೇಲಿದ್ದವು, ಅಷ್ಟರಲ್ಲಿ ಫೋನ್ ಬಂತು.

ಗುರುವಾರ, ಇಳಿಹೊತ್ತು. ನಾರ್ತ್ ಕ್ರೀಕ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ನಿಂತು ಮರುದಿನದ ಪೂಜೆಗೆ ಮಡಿ ಸೀರೆ ಒಣಹಾಕುತ್ತಿದ್ದೆ. ಬೆಳಿಗ್ಗೆ ಉಡಬೇಕಾದ ಸೀರೆಯನ್ನು ಹಿಂದಿನ ಸಂಜೆಯೇ ಸ್ನಾನ ಮಾಡಿ, ಜಾಲಿಸಿ, ಯಾರ ಕೈಗೂ ಎಟುಕದ ಎತ್ತರದಲ್ಲಿ ಹಾಕಬೇಕು. ಹಾಕಿದ ಮೇಲೆ ಸ್ನಾನವಾಗದವರು ಯಾರೂ ಮುಟ್ಟುವಂತಿಲ್ಲ. ಸಿಯಾಟಲ್ ಕಡೆಯ ಹವೆ ನಿಮಗೆ ಗೊತ್ತಿದ್ದರೆ, ಒಂದು ಕಾಟನ್ ಇಳಕಲ್ ಸೀರೆ ಒಣಗುವುದಕ್ಕೆ ಇಲ್ಲಿ ಎಷ್ಟು ತಾಳ್ಮೆ ಬೇಕೆಂಬುದೂ ಗೊತ್ತಿರುತ್ತದೆ. ಡ್ರೈಯರ್ ಇದೆಯಲ್ಲ ಅಂತೀರಿ. ಇದೆ. ಅದರಲ್ಲಿ ನಮ್ಮ ಯಜಮಾನರ ಸಾಕ್ಸೂ ತಿರುಗುತ್ತವೆ.

ಮಡಿಯಲ್ಲಿದ್ದಾಗ ಫೋನ್ ಮುಟ್ಟಬಾರದು. ಆದರೆ ಮೊಣಕೈಯಿಂದ ಒತ್ತಿದರೆ ಅದು ಮುಟ್ಟಿದ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾನೇ ಒಂದು ಶಾಸ್ತ್ರ ಮಾಡಿಕೊಂಡಿದ್ದೇನೆ. ಮನೆಯವರು ಅದಕ್ಕೆ ‘ನಾರ್ತ್ ಕ್ರೀಕ್ ಸ್ಮೃತಿ’ ಎಂದು ಹೆಸರಿಟ್ಟಿದ್ದಾರೆ. ಕೋಲನ್ನು ಸೀರೆ ಸಮೇತ ಗೋಡೆಗೆ ಆನಿಸಿ, ವಾಷಿಂಗ್ ಮಷಿನ್ನಿನ ಮೇಲಿದ್ದ ಫೋನನ್ನು ಮೊಣಕೈಯಿಂದ ಒತ್ತಿದೆ. ಸ್ಪೀಕರ್ ಕೂಡ ಮೊಣಕೈಯದೇ.

"ಅನಘಾಳ ಅಮ್ಮ ತಾನೇ? ನಾನು ಕೋಚ್ ಮಾರ್ಲೀನ್. ಮೊದಲು ಇಷ್ಟು ಕೇಳಿಸಿಕೊಳ್ಳಿ. ಆಕೆಗೆ ಎಚ್ಚರವಿದೆ. ಮಾತಾಡುತ್ತಿದ್ದಾಳೆ. ಕಾಲು ಆಡಿಸುತ್ತಿದ್ದಾಳೆ."

ಇಂಗ್ಲಿಷಿನಲ್ಲಿ ಬಂದ ಆ ಮಾತುಗಳನ್ನು ಒಂದೊಂದಾಗಿ ಎತ್ತಿ ಸೆರಗಿಗೆ ಹಾಕಿಕೊಂಡೆ. ಎಚ್ಚರ, ಮಾತು, ಕಾಲು. ನನ್ನ ಸ್ವಭಾವವೇ ಹಾಗೆ. ದೇವರು ಉಳಿಸಿದ್ದನ್ನು ಮೊದಲು ಎಣಿಸಿಕೊಳ್ಳುತ್ತೇನೆ, ಒಯ್ದದ್ದರ ವಿಚಾರ ಆಮೇಲೆ.

"ಏನಾತ್ರಿ?" ಎಂದು ಕನ್ನಡದಲ್ಲೇ ಕೇಳಿಬಿಟ್ಟೆ. ಅವರಿಗೆ ತಿಳಿಯಿತು.

"ಕೈ," ಎಂದರು. "ಬಲಗೈ. ಆಂಬುಲೆನ್ಸ್ ಹೊರಟಿದೆ. ನೀವು ನೇರ ಆಸ್ಪತ್ರೆಗೆ ಬನ್ನಿ."

ಆಸ್ಪತ್ರೆಗೆ ಹೋಗುವ ಮುಂಚೆ ಗೋಡೆಗೆ ಆನಿಸಿದ ಆ ಕೋಲಿನ ವಿಷಯ ಹೇಳಿಬಿಡುತ್ತೇನೆ. ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ. ಆಸ್ಪತ್ರೆಯ ಮಾತಿಗೆ ನನಗೂ ಅಂಥ ಅವಸರವಿಲ್ಲ.

ನನ್ನ ಮಡಿಕೋಲು ಬಿದಿರಿನದಲ್ಲ. ಅದು ಪೋಲ್ ವಾಲ್ಟ್ ಆಟದ ಕೋಲಿನ ತುಂಡು. ಉದ್ದನೆಯ ಕೋಲು ಹಿಡಿದು ಓಡಿ ಬಂದು, ಅದರ ತುದಿಯನ್ನು ನೆಲದ ಗುಳಿಯಲ್ಲಿ ಊರಿ, ಕೋಲು ಬಾಗಿ ಚಿಮ್ಮುವ ರಭಸದಲ್ಲಿ ತಾನೂ ಮೇಲೆದ್ದು, ಎತ್ತರದ ಅಡ್ಡಪಟ್ಟಿಯ ಆಚೆ ಮೆತ್ತೆಯ ಮೇಲೆ ಬೀಳುವ ಆಟ. ಮೊದಲ ಸಲ ನೋಡಿದಾಗ "ಕೆಳಗಿಂದ ಹೋದ್ರ ಏನಾಗ್ತದ?" ಎಂದು ಕೇಳಿದ್ದೆ. ಮಗಳು ಅವತ್ತು ಊಟದ ತನಕ ನನ್ನ ಜೊತೆ ಮಾತಾಡಲಿಲ್ಲ.

ಅನಘಾ ಹೈಸ್ಕೂಲಿನಲ್ಲಿ ಈ ಆಟಕ್ಕೆ ಸೇರಿದ ವರ್ಷ ಒಂದು ಹಳೆಯ ಕೋಲು ಪ್ರಾಕ್ಟೀಸಿನಲ್ಲಿ ಫಟ್ಟೆಂದು ಮುರಿಯಿತಂತೆ. ಯಾರಿಗೂ ಏನೂ ಆಗಲಿಲ್ಲ. ಕೋಚ್ ಅದರ ಚೂಪು ಅಂಚು ಕೊಯ್ದು, ಉಜ್ಜಿ, ಟೇಪು ಸುತ್ತಿ, ತುಂಡುಗಳನ್ನು ನೆನಪಿಗೆಂದು ಮಕ್ಕಳಿಗೆ ಹಂಚಿದರು. ನನ್ನ ಮಗಳು ತನ್ನಷ್ಟೇ ಎತ್ತರದ ತುಂಡನ್ನು ಹೆಗಲ ಮೇಲಿಟ್ಟುಕೊಂಡು ಬಂದು, "ಅಮ್ಮ, ನಿನ್ನ ಹೊಸಾ ಮಡಿ ಸ್ಟಿಕ್," ಎಂದು ಕೊಟ್ಟಳು. ಅಲ್ಲಿಯತನಕ ನಾನು ಮಾಪಿನ ಹಿಡಿಕೆಯಿಂದ ಸೀರೆ ಹಾಕುತ್ತಿದ್ದೆ. ನೆಲಕ್ಕೆ ತಾಗಿಸದ ಹೊಸ ಹಿಡಿಕೆಯೇ, ಆದರೂ ಮಾಪು ಮಾಪೇ ಎಂದು ಒಳಗೊಳಗೇ ಕುಟುಕುತ್ತಿತ್ತು.

ಆದರೆ ಫೈಬರ್‌ಗ್ಲಾಸ್ ಮಡಿಗೆ ನಡೆಯುತ್ತದೆಯೇ? ದೇವಸ್ಥಾನದ ಆಚಾರ್ಯರನ್ನು ಕೇಳಿದೆ. ಅವರೂ ನಮ್ಮ ಕಡೆಯವರೇ.

"ನೀರು ಹೀರ್ತದೇನ್ರಿ?"

"ಇಲ್ರಿ ಆಚಾರ್ರ."

"ಎಂಜಲಾಗೇದೇನು?"

"ಇಲ್ರಿ. ಬರೇ ಹಾರ್ಯಾರ."

"ಹಾರಿದ್ರ ಏನಾತ್ರಿ, ಹನುಮಪ್ಪನೂ ಹಾರಿದಾವನ. ತೊಳದು ತಗೋರಿ."

ಮಡಿಕೋಲು ಹಿಡಿಯುವುದನ್ನು ನಾನು ಕಲಿತದ್ದು ಬಾಗಲಕೋಟೆಯಲ್ಲಿ. ನಾವಿದ್ದ ಓಣಿ ಈಗ ಹಿನ್ನೀರಿನೊಳಗಿದೆ. ನಡುಮನೆಯ ಜಂತಿಗೆ ಎರಡು ಹಗ್ಗ ಕಟ್ಟಿ, ಅಡ್ಡಡ್ಡ ಒಂದು ಬಿದಿರಿನ ಗಳ ತೂಗುಬಿಟ್ಟಿದ್ದರು. ಅಜ್ಜಿ ಕುಳ್ಳಿ, ಗಳ ಎತ್ತರ, ಸೀರೆ ಒಂಬತ್ತು ಗಜದ್ದು. ಆದರೂ ಅಜ್ಜಿ ಹಿಂಡಿದ ಸೀರೆಯನ್ನು ಮಡಿಸಿ ಕೋಲಿನ ತುದಿಗೆ ಸಿಕ್ಕಿಸಿ, ನಾಲ್ಕು ಹೆಜ್ಜೆ ನಡೆದು ಬರುವಷ್ಟರಲ್ಲಿ ಅದು ಗಳದ ಮೇಲಿರುತ್ತಿತ್ತು. ಆಮೇಲೆ ಕೋಲಿನಿಂದಲೇ ಮೆಲ್ಲಗೆ ತಳ್ಳುತ್ತ, ಹರಡುತ್ತ ಹೋದರೆ ಒಂದು ಸುಕ್ಕೂ ಉಳಿಯುತ್ತಿರಲಿಲ್ಲ. ನಾನು ಮಾಡಿದರೆ ಸೀರೆ ಮುದ್ದೆಯಾಗಿ ಬಾವಲಿಯ ಹಾಗೆ ತೂಗುತ್ತಿತ್ತು. ಕಲಿಸುವಾಗ ಅಜ್ಜಿಯ ಬಾಯಿಗೆ ಬಿಡುವಿಲ್ಲ.

"ಸುಧಾ, ಮ್ಯಾಲಿನ ಕೈ ನೆಟ್ಟಗಿರಲಿ. ಮೊಣಕೈ ಮಡಚಿದ್ಯೋ, ನೀರೆಲ್ಲಾ ಕಂಕಳಾಗ ಇಳೀತದ."

"ಕೆಳಗಿನ ಕೈ ಗಟ್ಟಿ ಇರಲಿ, ಆದ್ರ ಸೆಟಸಬ್ಯಾಡ. ಅದು ಆಸರಕ್ಕ ಅದ, ಕುಸ್ತಿಗಲ್ಲ."

"ಗಳದ ಬುಡಕ್ಕ ಬಂದು ನಿಂತು ಆಮ್ಯಾಲ ಕೈ ಎತ್ತತೀಯಲ್ಲ, ಹುಚ್ಚಿ! ದೂರ ಇದ್ದಾಗನ ಎತ್ತು, ಎತ್ತಿಕೋತನ ಬಾ. ಬುಡಕ್ಕ ಬಂದು ಎತ್ತಿದ್ರ ಅದು ನಿನ್ನ ಹಿಂದಕ ಕೆಡವತದ."

ಕೆಡವಿತು ಕೂಡ. ಅಂಗಾತ ಬಿದ್ದೆ, ಮೇಲೆ ಒದ್ದೆ ಸೀರೆ. ನಡುಮನೆಯ ತುಂಬ ಅಕ್ಕತಂಗಿಯರ ನಗು. ಅಜ್ಜಿ ಹೊಡೆಯಲಿಲ್ಲ, ಬೈಯಲಿಲ್ಲ. ನೆಲ ಮುಟ್ಟಿದ ಸೀರೆ ಮೈಲಿಗೆ. "ಮತ್ತ ನೀರಿಗೆ ಹಾಕು," ಎಂದಳು, ಅಷ್ಟೇ. ಹಿತ್ತಲಿಗೆ ಹೋಗಿ ಮತ್ತೆ ಜಾಲಿಸಿ, ಮತ್ತೆ ಹಿಂಡಿ, ಮತ್ತೆ ಬಂದೆ. ನನ್ನ ಬಾಲ್ಯದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಅದೇ ಇರಬೇಕು.

ಇದೆಲ್ಲ ಇಲ್ಲಿ ಉಪಯೋಗಕ್ಕೆ ಬರುತ್ತದೆಂದು ನಾನೇನು ಕನಸು ಕಂಡಿದ್ದೆನೇ? ಅನಘಾ ಮೊದಲಿನಿಂದಲೂ ಮೌನದ ಹುಡುಗಿ. ಶಾಲೆಯಲ್ಲಿ ಏನಾಯಿತು ಎಂದರೆ ‘ನಥಿಂಗ್’, ಏನು ತಿಂದೆ ಎಂದರೆ ‘ಫುಡ್’. ಈ ಆಟಕ್ಕೆ ಸೇರಿದ ಮೇಲೆ ಅಡುಗೆಮನೆಗೆ ಬಂದು ಮಾತಾಡತೊಡಗಿದಳು. ಮುಕ್ಕಾಲು ಇಂಗ್ಲಿಷು, ಅದರಲ್ಲಿ ನನಗೆ ಅರ್ಧ ತಿಳಿಯುತ್ತಿತ್ತು. ಆದರೂ ಮಾತು ಮಾತೇ ಅಲ್ಲವೇ? ರೊಟ್ಟಿ ಬಡಿಯುತ್ತ ಹೂಂಗುಟ್ಟುತ್ತಿದ್ದೆ. ಒಂದು ದಿನ ಕೈಗೆ ಸಿಕ್ಕ ಕಸಬರಿಗೆ ಹಿಡಿದು ಫ್ರಿಜ್ಜಿನ ಕಡೆಯಿಂದ ಸಿಂಕಿನ ಕಡೆ ಓಡಿಬಂದು ಅದನ್ನು ತಲೆಯ ಮೇಲೆತ್ತಿದಳು.

"ಏ, ಕಸಬರಿಗಿ ತಲೀ ಮ್ಯಾಲ ಎತ್ತಬಾರದು! ಲಕ್ಷ್ಮಿ ಅದು!"

"ಅಮ್ಮ, ಇಟ್ಸ್ ಎ ಡ್ರಿಲ್! ಕೋಚ್ ಹೇಳಿದಾರೆ. ಟಾಪ್ ಆರ್ಮ್ ಸ್ಟ್ರೇಟ್ ಇರ್ಬೇಕು. ಬಾಟಮ್ ಆರ್ಮ್ ಲಾಕ್ ಮಾಡಬಾರದು. ಹ್ಯಾಂಡ್ಸ್ ಅಪ್ ಅರ್ಲಿ, ದೂರದಿಂದನೇ. ಬಾರ್ ಕೆಳಗೆ ಬಂದ್ಮೇಲೆ ಎತ್ತಿದ್ರೆ ಪೋಲ್ ಹಿಂದಕ್ಕೆ ಒಗೆಯತ್ತೆ."

ರೊಟ್ಟಿ ಹಂಚಿನ ಮೇಲೆ ಕರಕಾಯಿತು. ಕರಕಾಗಲಿ ಎಂದು ಬಿಟ್ಟೆ.

"ಇದು ನಮ್ಮ ಅಜ್ಜಿ ಮಾತು," ಎಂದೆ.

"ವಾಟ್? ಮುತ್ತಜ್ಜಿ ವಾಲ್ಟರ್ ಇದ್ಲಾ?"

ಕೈತೊಳೆದು ಆಕೆಯನ್ನು ಗ್ಯಾರೇಜಿಗೆ ಕರೆದುಕೊಂಡು ಹೋದೆ. ನಮ್ಮ ಯಜಮಾನರು ಮಾಡಿನ ಹಲಗೆಗೆ ಎರಡು ಕೊಕ್ಕೆ ಹೊಡೆದು ಒಂದು ಕೊಳವೆ ತೂಗುಬಿಟ್ಟು ಕೊಟ್ಟಿದ್ದರು, ಅದೇ ನನ್ನ ಗಳ. ಒಂದು ಹಳೆಯ ಸೀರೆ ನೆನೆಸಿ ಕೋಲಿಗೆ ಸಿಕ್ಕಿಸಿ, ಅಜ್ಜಿಯ ಮಾತುಗಳನ್ನು ಅಜ್ಜಿಯ ಹಾಗೇ ಹೇಳಿ ಕೊಟ್ಟೆ. ಹುಡುಗಿ ಒಂದು ಸಲ ನನ್ನನ್ನು ನೋಡಿದಳು, ಒಂದು ಸಲ ಗಳವನ್ನು ನೋಡಿದಳು, ಬಲಗೈ ಮೇಲೆ, ಎಡಗೈ ಕೆಳಗೆ, ದೂರದಿಂದಲೇ ಎತ್ತಿಕೊಂಡು ಬಂದಳು. ಸೀರೆ ಹೋಗಿ ಗಳದ ಮೇಲೆ ಕೂತಿತು. ಮೊದಲನೇ ಸಲಕ್ಕೇ! ನಾನು ಎರಡು ಬೇಸಿಗೆ ಬಿದ್ದು ಎದ್ದು ಕಲಿತದ್ದು. ಆ ನೆಟ್ಟಗಿನ ಬಲಗೈ, ತೋಳಿನ ಮೇಲೆ ಒಂದೇ ಒಂದು ಹನಿ ಇಳಿಯದ್ದು, ಈಗಲೂ ಕಣ್ಣ ಮುಂದಿದೆ. ಅವತ್ತು ಗರ್ವ ಪಟ್ಟೆ. ದೃಷ್ಟಿ ತೆಗೆಯಲಿಲ್ಲ.

ಈಗ ಆಸ್ಪತ್ರೆ.

ಉಟ್ಟ ಒದ್ದೆ ಸೀರೆ ಬದಲಿಸಿ, ಫೋರ್ ನಾಟ್ ಫೈವ್ ಹೆದ್ದಾರಿಯ ಮೇಲೆ ಕಾರು ಬಿಟ್ಟುಕೊಂಡು ಹೋದೆ. ಸಂಜೆಯ ಟ್ರಾಫಿಕ್. ಹನಿಮಳೆ. ವೈಪರ್ ಎಡಕ್ಕೆ ಹೋದಾಗ ‘ರಾಘವೇಂದ್ರ’, ಬಲಕ್ಕೆ ಬಂದಾಗ ‘ಗುರುರಾಯ’. ತಲೆಗೆ ಪೆಟ್ಟಾಗಿಲ್ಲ, ಅದೊಂದು ಕರುಣೆ. ಬೆನ್ನು ಸರಿಯಿದೆ, ಇನ್ನೊಂದು. ಗುರುವಾರ ರಾಯರ ವಾರ, ಅವರೇ ಕೈಚಾಚಿ ಹಿಡಿದಿದ್ದಾರೆ. ಹೀಗೆ ಲೇನ್ ಬದಲಿಸುತ್ತ ಎಣಿಸಿಕೊಂಡು ಹೋದೆ.

ಮನೆಯವರು ಸೌತ್ ಲೇಕ್ ಯೂನಿಯನ್ನಿನ ಆಫೀಸಿನಿಂದ ಬಸ್ಸು ಹಿಡಿದು ಬಂದರು. ಅವರು ಬರುವಷ್ಟರಲ್ಲಿ ನಾನು ಮಗಳ ತಲೆಯ ಹತ್ತಿರ ಕೂತಿದ್ದೆ. ಬಲಗೈಯನ್ನು ದಿಂಬಿನ ಮೇಲೆ ಇಟ್ಟಿದ್ದರು. ಮೊಣಕೈ ಇರಬೇಕಾದ ಕಡೆ ಮೊಣಕೈ ಇರಲಿಲ್ಲ. ಅದನ್ನು ಹೆಚ್ಚು ವಿವರಿಸುವುದಿಲ್ಲ.

"ಅಮ್ಮ," ಎಂದಳು. ಔಷಧಿಯ ಮಂಪರು. "ಹ್ಯಾಂಡ್ಸ್ ಲೇಟ್ ಆಯ್ತು. ಐ ಗಾಟ್ ಅಂಡರ್."

"ಸುಮ್ಮನಿರು ಬಂಗಾರ."

"ಮುತ್ತಜ್ಜಿ ಹೇಳಿದ್ಳಲ್ಲ. ಬುಡಕ್ಕ ಬಂದು ಎತ್ತಬ್ಯಾಡ ಅಂತ."

ಆಕೆ ಅಷ್ಟು ಉದ್ದದ ಕನ್ನಡ ಮಾತಾಡಿದ್ದು ನಾನು ಕೇಳಿರಲಿಲ್ಲ. ಬಾಗಲಕೋಟೆಯ ಒಂದು ನಡುಮನೆಯಲ್ಲಿ ನನ್ನ ಕಿವಿ ಹಿಂಡಿ ಹೇಳಿದ ಮಾತು ಆ ಬಿಳಿ ಗೋಡೆಯ ಕೋಣೆಯಲ್ಲಿ ನನ್ನ ಮಗಳ ಬಾಯಿಂದ ಬಂತು, ಅದೂ ಮುರಿದ ಕೈ ಇಟ್ಟುಕೊಂಡು.

ಸರ್ಜನ್ ಹೇಳಿದ್ದು ಇಷ್ಟು. ಕೀಲು ತಪ್ಪಿದೆ, ಒಳಗಿನ ಎಲುಬು ಚೂರಾಗಿದೆ, ಆಪರೇಷನ್ ಆಗಬೇಕು, ಕೈ ಉಳಿಯುತ್ತದೆ. ಉಳಿಯುತ್ತದೆ ಎಂದ ಕೂಡಲೇ ನಾನು ಆ ಮಾತನ್ನು ಕಣ್ಣಿಗೊತ್ತಿಕೊಂಡೆ. ಆದರೆ ಅನಘಾ ಕೇಳಿದ್ದು ಒಂದೇ ಪ್ರಶ್ನೆ. "ವಿಲ್ ಇಟ್ ಗೋ ಸ್ಟ್ರೇಟ್?" ನೆಟ್ಟಗೆ ಚಾಚಲಿಕ್ಕೆ ಬರುತ್ತದೆಯೇ?

"ನೋಡೋಣ," ಎಂದರು ಡಾಕ್ಟರು.

ಈ ದೇಶದಲ್ಲಿ ಡಾಕ್ಟರು ನೋಡೋಣ ಎಂದರೆ ಅವರು ಆಗಲೇ ನೋಡಿಯಾಗಿದೆ ಎಂದು ಅರ್ಥ ಮಾಡಿಕೊಳ್ಳುವಷ್ಟು ವರ್ಷ ನಾನು ಇಲ್ಲಿದ್ದೇನೆ.

ಹೊರಗಿನ ಕುರ್ಚಿಗಳಲ್ಲಿ ಕೂತಾಗ ಮನೆಯವರಿಗೆ ನನ್ನ ಎಣಿಕೆ ಒಪ್ಪಿಸಿದೆ. ತಲೆ ಉಳಿಯಿತು, ಬೆನ್ನು ಉಳಿಯಿತು, ರಾಯರು ಬಂದು ಹಿಡಿದರು ಎಂದು. ಅವರು ಎಂದೂ ನನ್ನ ದೇವರ ವಿಷಯಕ್ಕೆ ಬಂದವರಲ್ಲ. ಚೇಷ್ಟೆ ಮಾಡುತ್ತಾರೆ, ನೈವೇದ್ಯಕ್ಕೆ ಎಲ್ಲರಿಗಿಂತ ಮುಂಚೆ ಬಂದು ಕೂಡುತ್ತಾರೆ. ಅವತ್ತು ನೆಲ ನೋಡುತ್ತ ಕೇಳಿದರು:

"ತಲೀ ಹಿಡದ್ರು ಅಂತೀ. ಹಂಗಾದ್ರ ಕೈ ಯಾಕ ಬಿಟ್ರು?"

ಸಿಟ್ಟಿನಿಂದ ಕೇಳಿದ್ದರೆ ಜಗಳ ಮಾಡುತ್ತಿದ್ದೆ. ಗೊತ್ತಿಲ್ಲದ ಮನುಷ್ಯ ಗೊತ್ತಿದ್ದವರನ್ನು ಕೇಳುವ ಹಾಗೆ ಕೇಳಿದರು. ಇಷ್ಟು ಗುರುವಾರಗಳಾದವು, ಅದಕ್ಕೆ ಉತ್ತರ ಇನ್ನೂ ಹೊಳೆದಿಲ್ಲ.

ಮರುದಿನ ಬಟ್ಟೆ ತರಲು ಮನೆಗೆ ಬಂದಾಗ ಗೋಡೆಗೆ ಆನಿಸಿದ ಕೋಲು ಜಾರಿ ಬಿದ್ದಿತ್ತು. ಸೀರೆ ಗ್ಯಾರೇಜಿನ ನೆಲದಲ್ಲಿ ಮುದುಡಿಕೊಂಡು ಅರ್ಧ ಒಣಗಿತ್ತು. ಕಾರು ನಿಲ್ಲುವ ಜಾಗದ ಎಣ್ಣೆಯ ಕಲೆ ಸೆರಗಿಗೆ ಹತ್ತಿತ್ತು. ಉಜ್ಜಿದೆ, ನೆನೆಸಿದೆ, ಮತ್ತೆ ಉಜ್ಜಿದೆ. ಹೋಗಲಿಲ್ಲ. ಈಗಲೂ ಆ ಸೀರೆ ಉಟ್ಟಾಗ ಕಲೆಯಿರುವ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದರು. ಕೈ ತನ್ನಷ್ಟಕ್ಕೆ ಅರ್ಧ ಮಡಚಿಕೊಂಡು ನಿಂತಿತ್ತು, ಯಾರಿಗೋ ಏನೋ ಹೇಳಲು ಹೋಗಿ ಮರೆತವರ ಹಾಗೆ. ಚಾಚು ಎಂದರೆ ಚಾಚದು. ಅಂಗೈ ಮೇಲೆ ಮಾಡು ಎಂದರೆ ತಿರುಗದು. ಬೆರಳು ಮಾತ್ರ ಐದೂ ಆಡುತ್ತಿದ್ದವು. ಐದು ಬೆರಳು ಆಡುತ್ತವೆ ಎಂದು ತುಪ್ಪದ ದೀಪ ಹಚ್ಚಿದೆ. ಆಕೆ ನೋಡಿ, "ಅಮ್ಮ, ಯು ಲೈಟ್ ಎ ಲ್ಯಾಂಪ್ ಫಾರ್ ಎವ್ರಿಥಿಂಗ್," ಎಂದಳು. ಅದು ಚೇಷ್ಟೆಯಾಗಿರಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಡುಗೆಮನೆಯ ಮಾತು ನಿಂತಿತು. ಏನು ತಿಂದೆ ಎಂದರೆ ಮತ್ತೆ ‘ಫುಡ್’.

ಒಂದು ಶನಿವಾರ ದೇವಸ್ಥಾನಕ್ಕೆ ಕರೆದುಕೊಂಡು ಹೋದೆವು. ತೀರ್ಥಕ್ಕೆ ಸಾಲಿನಲ್ಲಿ ನಿಂತಾಗ ನನಗೆ ಅದು ಹೊಳೆದೇ ಇರಲಿಲ್ಲ. ತೀರ್ಥಕ್ಕೆ ಬಲಗೈ ಬೇಕು, ಅಂಗೈ ಮೇಲಾಗಬೇಕು, ಗುಂಡಿಯಾಗಬೇಕು. ಆಚಾರ್ಯರು ಉದ್ಧರಣೆ ಎತ್ತಿ ಹಿಡಿದರು. ಅನಘಾ ಬಲಗೈ ಮುಂದೆ ತಂದಳು. ಅಂಗೈ ಪಕ್ಕಕ್ಕೆ ನಿಂತಿತು, ಬಾಗಿಲು ಅರ್ಧ ತೆರೆದ ಹಾಗೆ. ತಿರುಗಿಸಲು ಹೋದಳು. ಭುಜ ಬಂತು, ಮೈ ಬಂತು, ಅಂಗೈ ಬರಲಿಲ್ಲ. ಆಕೆ ನಾಚಿಕೆಯಿಂದ ಎಡಗೈ ಮುಂದೆ ಮಾಡಿದಳು, ಆಮೇಲೆ ನನ್ನ ಮುಖ ನೋಡಿ ಅದನ್ನೂ ಹಿಂದೆ ತೆಗೆದುಕೊಂಡಳು. ನಾನು ಏನೂ ಅಂದಿರಲಿಲ್ಲ. ಮುಖವೇ ಅಂದಿರಬೇಕು.

ಆಚಾರ್ಯರು ನನ್ನ ಕಡೆ ತಿರುಗಿದರು. "ತಾಯಿ, ನಿಮ್ಮ ಕೈ ಹಿಡೀರಿ. ನಿಮ್ಮ ಕೈಯಾಗ ಹಾಕ್ತೀನಿ, ಆಕೀಗೆ ಕುಡಸ್ರಿ. ತೊಟ್ಟಲಾಗ ಇದ್ದಾಗ ಹಂಗ ಕುಡಸೀರಲ್ಲ?"

ಕುಡಿಸಿದೆ. ನನಗಿಂತ ಎತ್ತರದ ಹುಡುಗಿ ತಲೆ ಬಗ್ಗಿಸಿ ನನ್ನ ಅಂಗೈಯಿಂದ ಕುಡಿದಳು. ಅದನ್ನೂ ಕರುಣೆಯ ಕಡೆಗೇ ಹಾಕಿಕೊಂಡಿದ್ದೇನೆ.

ಬಿದ್ದ ಆ ಜಂಪ್‌ನ ವಿಡಿಯೋ ಇತ್ತು, ಬೇರೆ ಯಾರದೋ ತಂದೆ ತೆಗೆದದ್ದು. ಮನೆಯವರು ನೋಡಲಾರೆ ಎಂದರು. ನಾನು ಒಂದು ಸಲ ನೋಡಿದೆ. ಜನ ಇಂಥದ್ದರಲ್ಲಿ ಏನೇನೋ ಹುಡುಕುತ್ತಾರಂತೆ, ಯಾರ ತಪ್ಪು, ಎಲ್ಲಿ ಎಡವಿತು ಎಂದು. ನನಗೆ ಹುಡುಕುವುದು ಏನೂ ಉಳಿದಿರಲಿಲ್ಲ. ಓಡಿ ಬರುತ್ತಾಳೆ, ಚೆನ್ನಾಗಿಯೇ ಬರುತ್ತಾಳೆ. ಕೈ ಎತ್ತಬೇಕಾದಾಗ ಎತ್ತುವುದಿಲ್ಲ. ಗುಳಿಯ ಹತ್ತಿರ ಬಂದುಬಿಟ್ಟಳು, ಆಗ ಎತ್ತಿದಳು, ಮೇಲಿನ ಮೊಣಕೈ ಮಡಚಿಕೊಂಡಿತು. ಕೋಲು ಆಕೆಯನ್ನು ಒಯ್ಯಲಿಲ್ಲ, ಹಿಂದಕ್ಕೆ ಎಸೆಯಿತು. ಮೆತ್ತೆ ಮುಂದಿತ್ತು, ಆಕೆ ಹಿಂದೆ ಗಟ್ಟಿ ನೆಲದ ಮೇಲೆ, ಊರಿದ ಕೈಯ ಮೇಲೆ. ನಾನು ಅಂಗಾತ ಬಿದ್ದಾಗ ನನ್ನ ಮೇಲೆ ಬಿದ್ದದ್ದು ಬರೀ ಒಂದು ಒದ್ದೆ ಸೀರೆ. ಅದೇ ತಪ್ಪು. ಕೂದಲೆಳೆಯಷ್ಟೂ ಬೇರೆಯಲ್ಲ. ನನಗೆ ಸಿಕ್ಕದ್ದು ಅಕ್ಕತಂಗಿಯರ ನಗು.

ಕೋಚ್ ಮಾರ್ಲೀನ್ ಮನೆಗೆ ಬಂದರು. ನರೆತ ತಲೆ, ಕುಂಟುವ ಒಂದು ಮಂಡಿ, ಕೈಯಲ್ಲಿ ಬಿಸಿ ಪಾತ್ರೆ. "ಮಾಂಸವಿಲ್ಲ, ಮೊಟ್ಟೆಯಿಲ್ಲ," ಎಂದು ಬಾಗಿಲಲ್ಲೇ ಹೇಳಿದರು. ಈರುಳ್ಳಿ ಇತ್ತು, ಅವತ್ತು ಏಕಾದಶಿ ಇತ್ತು, ಎರಡೂ ಕೈಯಿಂದ ಇಸಿದುಕೊಂಡೆ. ಅನಘಾ ಅವರ ಎದುರು ಸೋಫಾದಲ್ಲಿ ಕೂತು ಬಲಗೈಯನ್ನು ದಿಂಬಿನ ಹಿಂದೆ ಇಟ್ಟುಕೊಂಡಿದ್ದಳು. ಕೋಚ್ ತಮ್ಮ ಮಂಡಿ ಉಜ್ಜಿಕೊಳ್ಳುತ್ತ ಕೂತರು. ಕೊನೆಗೆ ಕೋಚ್ ನನ್ನ ಕಡೆ ತಿರುಗಿ ಕೇಳಿದರು. ನಿಮ್ಮ ಅಜ್ಜಿಯ ಸೀರೆ ಹಾಕುವ ವಿದ್ಯೆ ಅನಘಾ ನಮಗೆಲ್ಲ ಹೇಳಿದ್ದಾಳೆ, ಒಮ್ಮೆ ನೋಡಬಹುದೇ?

ಮೂವರೂ ಗ್ಯಾರೇಜಿಗೆ ಹೋದೆವು. ಕೋಲಿನ ತುಂಡು ಕಾಣಲಿಲ್ಲ. ಮಾಪಿನ ಹಿಡಿಕೆಯಿಂದಲೇ ಎತ್ತಿದೆ. ಬಕೆಟ್ಟಿನಲ್ಲಿದ್ದ ಸೀರೆ 'ಮುಟ್ಟಬಾರದು' ಎಂದದ್ದಕ್ಕೆ ಕೋಚ್ ಪೊಲೀಸರು ಹಿಡಿದವರ ಹಾಗೆ ಎರಡೂ ಕೈ ಮೇಲೆ ಮಾಡಿ ಗೋಡೆಗೆ ಒತ್ತಿ ನಿಂತರು. ಅನಘಾಗೆ ನಗು ಬಂತು, ಎಷ್ಟೋ ದಿನದ ಮೇಲೆ. ನಾನು ದೂರದಿಂದ ಎತ್ತಿಕೊಂಡು ಬಂದೆ. ಸೀರೆ ಗಳ ಹತ್ತಿತು.

"ಓ," ಎಂದರು ಕೋಚ್, "ಇದಕ್ಕಿಂತ ಚೆಂದ ಕೈ ಎತ್ತುವುದನ್ನು ನಾನು—"

ಎತ್ತಿದ್ದ ಅವರ ಕೈಗಳು ಇಳಿದವು. ಯಾರ ಎದುರು ಏನು ಹೇಳುತ್ತಿದ್ದೇನೆಂದು ಅವರಿಗೆ ಆಗ ಹೊಳೆದಿರಬೇಕು. ಅನಘಾ ಗಳವನ್ನೇ ನೋಡುತ್ತಿದ್ದಳು. ಮೇಲಿಂದ ನೀರು ತೊಟ್ಟಿಕ್ಕುತ್ತಿತ್ತು. ಕೋಚ್ ಮಂಡಿ ಎಳೆಯುತ್ತ ಹೋಗಿ ಆಕೆಯ ಎಡಹೆಗಲ ಮೇಲೆ ಕೈಯಿಟ್ಟರು, ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಬಾರದೆಂದು ಸೀರೆಯ ಸುಕ್ಕು ತೆಗೆಯುತ್ತ ನಿಂತೆ. ಸುಕ್ಕು ಇರಲಿಲ್ಲ.

ಬೇಸಿಗೆ ಬಂತು. ಕೈಯ ವ್ಯಾಯಾಮಕ್ಕೆ ಹೋಗುವ ಕಡೆ ಒಂದು ಹೊಸ ಪಾಠ ಕೊಟ್ಟರು. ಒಂದು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆ ಎತ್ತಬೇಕು, ಗಟ್ಟಿ ಕೈ ನೋವಿನ ಕೈಯನ್ನು ಮೇಲಕ್ಕೆ ಒಯ್ಯಬೇಕು. ಮನೆಯಲ್ಲಿ ಯಾವುದಾದರೂ ಕೋಲಿದೆಯೇ ಎಂದು ಕೇಳಿದಳಂತೆ ಅಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ. ಅನಘಾ ಇದೆ ಎಂದಳಂತೆ. ಮನೆಯವರು ನನ್ನ ಮಡಿಕೋಲಿನ ಆ ತುಂಡನ್ನು ವಾಟರ್ ಹೀಟರಿನ ಹಿಂದೆ ಬಚ್ಚಿಟ್ಟಿದ್ದರು, ಎಸೆಯಲೂ ಮನಸ್ಸಾಗದೆ, ಕಣ್ಣಿಗೆ ಬೀಳುವುದೂ ಬೇಡವಾಗಿ. ಆಕೆಗೆ ಮೊದಲಿಂದಲೂ ಗೊತ್ತಿತ್ತು. ಹೋಗಿ ತೆಗೆದುಕೊಂಡಳು.

ದಿನಾ ಎತ್ತಿದಳು. ಅತ್ತಳು, ಎತ್ತಿದಳು. ಮೊಣಕೈ ಸ್ವಲ್ಪ ಬಿಚ್ಚಿಕೊಂಡಿತು. ಅಂಗೈ ಅರ್ಧ ತಿರುಗಿತು. ಆಮೇಲೆ ಎಷ್ಟು ಎತ್ತಿದರೂ ಅಲ್ಲಿಗೇ ನಿಂತಿತು. ಸರ್ಜನ್ ನೋಡಿ, ಇದು ಒಳ್ಳೆಯ ಕೈ ಎಂದರು. ಬರೆಯಬಹುದು, ಕಾರು ಬಿಡಬಹುದು. ಆಕೆ ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಡಾಕ್ಟರೂ ನೋಡೋಣ ಎನ್ನಲಿಲ್ಲ. ಬರುವಾಗ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಿದಳು. ನಾನು ಕಾರು ಬಿಡಬಹುದು, ಬರೆಯಬಹುದು ಎಂದು ಎಣಿಸತೊಡಗಿದವಳು ನಡುವೆ ನಿಲ್ಲಿಸಿಬಿಟ್ಟೆ. ಪಕ್ಕದಲ್ಲಿ ಕೂತವಳಿಗೆ ಕೇಳಿಸುವ ಎಣಿಕೆ ಅಲ್ಲ ಅದು.

ಮನೆಗೆ ಬಂದು ಸ್ನಾನ ಮಾಡಿದೆ. ಸೀರೆ ಜಾಲಿಸಿದೆ. ಗ್ಯಾರೇಜಿನಲ್ಲಿ ಹಿಂಡುತ್ತಿದ್ದಾಗ ಒಳಬಾಗಿಲು ತೆರೆಯಿತು. ಅನಘಾ ನಿಂತಿದ್ದಳು. ತಲೆಯಿಂದ ನೀರು ಸುರಿಯುತ್ತಿತ್ತು, ಮೈಗೆ ಅಂಟಿದ ಒದ್ದೆ ಚೂಡಿದಾರ, ಕೈಯಲ್ಲಿ ಆ ಕೋಲು, ಅದೂ ತೊಳೆದದ್ದು.

"ಸ್ನಾನ ಆಯ್ತು. ಏನೂ ಮುಟ್ಟಿಲ್ಲ. ಡೋರ್ ಮೊಣಕೈಲಿ ತೆಗೆದೆ," ಎಂದಳು.

ನಾರ್ತ್ ಕ್ರೀಕ್ ಸ್ಮೃತಿ. ನಾನು ಸರಿದು ಜಾಗ ಬಿಟ್ಟೆ.

ಸೀರೆ ಮಡಿಸಿ ಕೋಲಿನ ತುದಿಗೆ ಸಿಕ್ಕಿಸಿ ಕೊಟ್ಟೆ. ಬಲಗೈ ಮೇಲೆ ಹಿಡಿದಳು.

"ಎಡಗೈ ಮ್ಯಾಲ ಹಿಡಿಯವಾ," ಎಂದೆ. "ಸಲೀಸಾಗ್ತದ."

"ಇಲ್ಲಮ್ಮ."

ದೂರದಿಂದಲೇ ಎತ್ತಿದಳು. ಕಾಲವೂ ತಪ್ಪಲಿಲ್ಲ, ಹೆಜ್ಜೆಯೂ ತಪ್ಪಲಿಲ್ಲ, ಕೆಳಗಿನ ಕೈ ಅಜ್ಜಿ ಹೇಳಿದ ಹಾಗೇ ಇತ್ತು. ಮೇಲಿನ ಕೈ ಹೋಗುವಷ್ಟು ಹೋಗಿ ನಿಂತಿತು. ಹಲ್ಲು ಕಚ್ಚಿ ಇನ್ನಷ್ಟು ಒತ್ತಿದಳು. ನೀರು ಮೊಣಕೈಯ ಮಡಿಕೆಗೆ ಬಂದು ಅಲ್ಲಿಂದ ಕಂಕುಳಿಗೆ ಇಳಿಯಿತು. ಸೀರೆಯ ಅಂಚು ಗಳಕ್ಕೆ ತಾಗಿತು. ತಾಗಿದ್ದು ನಾನು ನೋಡಿದೆ. ಆಮೇಲೆ ಜಾರಿ ಆಕೆಯ ಹೆಗಲ ಮೇಲೆ, ಹೆಗಲಿಂದ ನೆಲದ ಮೇಲೆ ಬಿತ್ತು.

ಆಕೆ ಎತ್ತಿದ ಕೈ ಇಳಿಸಲಿಲ್ಲ. ಮಡಚಿದ ಆ ಕೈಯನ್ನೇ ಕತ್ತೆತ್ತಿ ನೋಡುತ್ತ ನಿಂತಳು, ಅದು ಇನ್ನು ಹೀಗೇ ಎಂದು ಈಗ ತಾನೇ ಯಾರೋ ತಿಳಿಸಿದ ಹಾಗೆ.

ಐದು ಬೆರಳು ಆಡುತ್ತವೆ, ತಲೆ ಉಳಿಯಿತು, ಬೆನ್ನು ಉಳಿಯಿತು ಎಂದು ಹೇಳಬಹುದಿತ್ತು. ನನ್ನ ಬಾಯಿಗೆ ಬಂದದ್ದು ಅದಲ್ಲ.

"ಮತ್ತ ನೀರಿಗೆ ಹಾಕೋಣು," ಎಂದೆ.

ಬಕೆಟ್ಟಿಗೆ ಹೊಸ ನೀರು ಬಿಟ್ಟೆ. ಸೀರೆ ಮುಳುಗಿಸಿ ಜಾಲಿಸಿದೆ. ಇಳಕಲ್ ಸೀರೆ ಒಬ್ಬರೇ ಹಿಂಡುವುದು ಕಷ್ಟ. ಆಕೆ ಕೋಲನ್ನು ಗೋಡೆಗೆ ಆನಿಸಿ ಬಂದು ಒಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಆಕೆ ತಿರುವಬೇಕಾಗಿರಲಿಲ್ಲ, ಬಿಡದೆ ಹಿಡಿದರೆ ಸಾಕಾಗಿತ್ತು. ನಾನು ಇನ್ನೊಂದು ತುದಿಯಿಂದ ತಿರುವತೊಡಗಿದೆ.